ಬನಶಂಕರಿಯಲ್ಲಿ ಎಷ್ಟು ಅಕ್ಷರ?

ಚಿಕ್ಕಪ್ಪನ ಬೇಕರಿ ಬನಶಂಕರಿ ಎರಡನೇ ಹಂತದಲ್ಲಿದೆ. ಬಿಡಿಎ ಕಾಂಪ್ಲೆಕ್ಸಿನ ಕಡೆಯಿಂದ ನಡೆದು ಬಂದರೆ ಹತ್ತು ನಿಮಿಷ. ಅದರ ಮಹಡಿ ಮೇಲಿನ ಒಂದು ಕೋಣೆಯಲ್ಲಿ ನಾನು ನಾಲ್ಕು ವರ್ಷದಿಂದ ಇದ್ದೇನೆ. ಬೆಳಗಿನ ಜಾವ ಬನ್ ಬೇಯುವ ವಾಸನೆ ಕಿಟಕಿಯಿಂದ ಒಳಗೆ ಬರುತ್ತದೆ, ಅಲಾರಾಂ ಬೇಕಾಗುವುದಿಲ್ಲ. ಪಿಎಚ್.ಡಿ. ಮಾಡುವವರಿಗೆ ಬಾಡಿಗೆ ಇಲ್ಲದ ಕೋಣೆ, ಕೆಳಗಡೆಯೇ ಬೆಣ್ಣೆ ಬಿಸ್ಕತ್ತು ಸಿಕ್ಕರೆ ಇನ್ನೇನು ಬೇಕು ಎಂದು ಗೆಳೆಯರು ಹಂಗಿಸುತ್ತಾರೆ. ಹಂಗಿಸಿದ ಮೇಲೆ ಬಿಸ್ಕತ್ತನ್ನೂ ತಿನ್ನುತ್ತಾರೆ.

2024ರ ಫೆಬ್ರವರಿಯಲ್ಲಿ ನಮ್ಮ ಬೀದಿಯ ಎಲ್ಲ ಅಂಗಡಿಗಳಲ್ಲೂ ಒಂದೇ ಮಾತು. ನಾಮಫಲಕದ ಶೇ. 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ ಇರಬೇಕು ಎಂದು ಕಾಯ್ದೆಗೆ ತಿದ್ದುಪಡಿ ಬಂದಿತ್ತು. ಬಿಬಿಎಂಪಿ ಕೊಟ್ಟ ಗಡುವು ಫೆಬ್ರವರಿ 28. ಚಿಕ್ಕಪ್ಪ ಹಳೆಯ ಬೋರ್ಡಿನ ಇಂಗ್ಲಿಷಿನ ಮೇಲೆ ತಾತ್ಕಾಲಿಕವಾಗಿ ಒಂದು ಫ್ಲೆಕ್ಸ್ ಕಟ್ಟಿಸಿದರು. ಅವರಿಗೆ ಕನ್ನಡದ ಮೇಲೆ ತಕರಾರೇನೂ ಇರಲಿಲ್ಲ, ಅವರು ಓದುವುದೇ ಕನ್ನಡ ಪೇಪರು. ಆದರೆ ಕಟ್ಟಿಸುವಾಗ ಒಂದು ಮಾತು ಅಂದರು: "ಬರೆಸೋದೇನೋ ಬರೆಸಬಹುದು, ಜಾಗ ಸಾಲಲ್ಲ ನೋಡು. ಕನ್ನಡ ಜಾಸ್ತಿ ಜಾಗ ತಿನ್ನತ್ತೆ."

ನನಗೆ ಆ ಮಾತು ಹಿಡಿಯಿತು. ನಿಜಕ್ಕೂ ತಿನ್ನುತ್ತದೆಯೆ? ಯಾರಾದರೂ ಎಣಿಸಿದ್ದಾರೆಯೆ? ನನ್ನ ಸಂಶೋಧನೆ ಭಾಷಾವಿಜ್ಞಾನದಲ್ಲಿ, ಕನ್ನಡ ಲಿಪಿಯಲ್ಲಿ ಬರೆದ ಎರವಲು ಪದಗಳ ಬಗ್ಗೆ. ಬೀದಿಯ ಬೋರ್ಡುಗಳಿಗಿಂತ ಒಳ್ಳೆಯ ಆಕರ ಇನ್ನೆಲ್ಲಿ ಸಿಗಬೇಕು? ಬೇಕರಿ, ಮೆಡಿಕಲ್ಸ್, ಫ್ಯಾಷನ್ಸ್, ಹಾರ್ಡ್‌ವೇರ್ ಎಲ್ಲವೂ ಒಂದೇ ಬೋರ್ಡಿನಲ್ಲಿ ಎರಡು ಲಿಪಿಯಲ್ಲಿ ಜೊತೆಜೊತೆಗೇ ಕೂತಿರುತ್ತವೆ. ಸಂಜೆ ಹೊತ್ತು ಬನಶಂಕರಿ ದೇವಸ್ಥಾನದಿಂದ ಕತ್ರಿಗುಪ್ಪೆವರೆಗೆ, ಇನ್ನೊಂದು ದಿನ ಜಯನಗರದ ಕಡೆ, ನಡೆಯುತ್ತ ಫೋನಿನಲ್ಲಿ ಬೋರ್ಡುಗಳನ್ನು ಟೈಪ್ ಮಾಡಿಕೊಳ್ಳತೊಡಗಿದೆ. ಇಬ್ಬರು ಗೆಳೆಯರೂ ಕೈಜೋಡಿಸಿದರು. ಒಂದು ಸಾಲಿನಲ್ಲಿ ಇಂಗ್ಲಿಷ್ ರೂಪ, ಪಕ್ಕದಲ್ಲಿ ಕನ್ನಡ ರೂಪ. ಅಷ್ಟೇ.

ಎಣಿಸುವ ಕೆಲಸವನ್ನು ಕೋಣೆಯ ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪಿಗೆ ಒಪ್ಪಿಸಿದೆ. ಅದರಲ್ಲಿ ಡೆಬಿಯನ್ ಲಿನಕ್ಸ್ ಇದೆ. ಪರದೆ ಇಲ್ಲ, ಕೀಬೋರ್ಡ್ ಇಲ್ಲ. ನನ್ನ ಲ್ಯಾಪ್‌ಟಾಪಿನಿಂದಲೇ ಅದರೊಳಗೆ ಹೋಗುತ್ತೇನೆ. ಹತ್ತು ಸಾಲಿನ ಒಂದು ಸಣ್ಣ ಸ್ಕ್ರಿಪ್ಟ್ ಬರೆದೆ. ಪ್ರತಿ ಸಾಲಿನ ಎರಡೂ ರೂಪಗಳಲ್ಲಿ ಎಷ್ಟು ಅಕ್ಷರ ಇದೆ ಎಂದು ಎಣಿಸುವುದು, ಒಂದು ಪಟ್ಟಿಗೆ ಸೇರಿಸುವುದು, ಸರಾಸರಿ ತೆಗೆಯುವುದು. ಒಂದೆರಡು ಪದ ಕೊಟ್ಟು ಓಡಿಸಿ ನೋಡಿದೆ. ಸರಿಯಾಗಿತ್ತು. ಪ್ರತಿ ರಾತ್ರಿ ಎರಡು ಗಂಟೆಗೆ ತಾನಾಗಿಯೇ ಓಡುವ ಹಾಗೆ ಕ್ರಾನ್‌ಗೆ ಹೇಳಿ ಮಲಗಿದೆ. ಕ್ರಾನ್ ಅಂದರೆ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡಿಸುವ ಕಾವಲುಗಾರ, ಹಳೆಯ ಯೂನಿಕ್ಸ್ ಕಾಲದಿಂದಲೂ ಇರುವವನು.

ತಿಂಗಳುಗಟ್ಟಲೆ ಹೀಗೇ ನಡೆಯಿತು. ಪಟ್ಟಿ ನಾನೂರು ಬೋರ್ಡು ದಾಟಿತು. ಬೆಳಿಗ್ಗೆ ಎದ್ದು ಸರಾಸರಿಯನ್ನಷ್ಟೇ ನೋಡುತ್ತಿದ್ದೆ. ಅದು ಪ್ರತಿದಿನ ಒಂದೇ ಕಥೆ ಹೇಳುತ್ತಿತ್ತು: ಕನ್ನಡ ರೂಪ ಇಂಗ್ಲಿಷಿಗಿಂತ ತುಂಬಾ ಉದ್ದ. ಸ್ವಲ್ಪ ಅಲ್ಲ, ಎರಡು ಪಟ್ಟಿಗೂ ಮೇಲೆ. ಚಿಕ್ಕಪ್ಪ ಹೇಳಿದ್ದು ನಿಜ! ನಾನು ಕೆಳಗಿಳಿದು ಹೋಗಿ ಹೇಳಿಯೇಬಿಟ್ಟೆ: "ನಿಮ್ಮ ಮಾತು ಸರಿ ಚಿಕ್ಕಪ್ಪ, ಲೆಕ್ಕದಲ್ಲೂ ಹಾಗೇ ಬರ್ತಿದೆ." ಅವರಿಗೆ ಖುಷಿಯಾಯಿತು. ಪಕ್ಕದ ಮೆಡಿಕಲ್ ಸ್ಟೋರಿನವರಿಗೆ, ಎದುರಿನ ಟೈಲರಿಗೆ, "ನಮ್ಮ ಮನೇಲೇ ಪಿಎಚ್.ಡಿ. ಮಾಡ್ತಿದಾರೆ, ಕಂಪ್ಯೂಟರಲ್ಲಿ ಎಣಿಸಿ ನೋಡಿದಾರೆ" ಎಂದು ಹೇಳಿಕೊಂಡರು. ನಾನೂ ಸುಮ್ಮನಿರಲಿಲ್ಲ. ಒಂದು ವಿಚಾರ ಸಂಕಿರಣಕ್ಕೆ ಪ್ರಬಂಧದ ಸಾರಾಂಶ ಬರೆದು ಕಳಿಸಿದೆ. ಸ್ವೀಕಾರವೂ ಆಯಿತು.

ಈಗ ಯೋಚಿಸಿದರೆ ನಾಚಿಕೆಯಾಗುತ್ತದೆ. ಎದುರಿನ ಬೋರ್ಡಿನಲ್ಲಿ 'ಬೇಕರಿ' ಎನ್ನುವ ಮೂರೇ ಮೂರು ಅಕ್ಷರ ಕಣ್ಣಿಗೆ ಹೊಡೆಯುವಂತೆ ಇದ್ದರೂ, ಇಂಗ್ಲಿಷಿನಲ್ಲಿ ಅದಕ್ಕೆ ಆರು ಅಕ್ಷರ ಬೇಕು ಎನ್ನುವುದು ಗೊತ್ತಿದ್ದರೂ, ನಾನು ಸರಾಸರಿಯನ್ನು ನಂಬಿದೆ. ಯಾಕೆಂದರೆ ಅದು ಯಂತ್ರ ಕೊಟ್ಟ ಸಂಖ್ಯೆ. ಜೊತೆಗೆ, ಒಂದು ಪ್ರಬಂಧ ಆಗುವಂಥ ಸಂಖ್ಯೆ.

ಚಿಕ್ಕಪ್ಪ ಫ್ಲೆಕ್ಸ್ ತೆಗೆಸಿ ಶಾಶ್ವತ ಬೋರ್ಡು ಹಾಕಿಸಲು ಹೊರಟಾಗ ಇದು ಬಯಲಾಯಿತು. ಬೋರ್ಡು ಬರೆಯುವವರು ಅಳತೆ ತೆಗೆದುಕೊಳ್ಳಲು ಬಂದಿದ್ದರು. ಐವತ್ತು ದಾಟಿದವರು, ಕೈಯಲ್ಲಿ ಬ್ರಷ್ ಹಿಡಿದು ಕಲಿತವರು, ಈಗ ಅಕ್ರಿಲಿಕ್ ಅಕ್ಷರ ಕತ್ತರಿಸುತ್ತಾರೆ. ಟೇಪ್ ಹಿಡಿದು ಗೊಣಗಿಕೊಂಡರು: "ಬನಶಂಕರಿ, ಐದು. ಬೇಕರಿ, ಮೂರು. ಎಂಟಕ್ಷರ. ಆರಾಮಾಗಿ ಕೂರತ್ತೆ." ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನು ಫೋನಿನಲ್ಲಿ ಅವತ್ತಿನ ಪಟ್ಟಿ ತೆಗೆದು ಮೊದಲ ಸಲ ಸರಾಸರಿ ಬಿಟ್ಟು ಒಂದು ಸಾಲನ್ನು ಓದಿದೆ. ಬನಶಂಕರಿ: ಇಂಗ್ಲಿಷ್ 12, ಕನ್ನಡ 21.

"ಇಪ್ಪತ್ತೊಂದಾ?" ಅವರು ನಕ್ಕರು. "ಯಾವ ಬನಶಂಕರಿ ಅದು? ಬಾದಾಮಿಯವಳಾ, ಇಲ್ಲಿಯವಳಾ?"

ನಾನು ಮೆಟ್ಟಿಲು ಹತ್ತಿ ಕೋಣೆಗೆ ಓಡಿದೆ. ಲ್ಯಾಪ್‌ಟಾಪಿನಿಂದ ಆ ಡೆಸ್ಕ್‌ಟಾಪಿಗೆ ಹೋಗಿ ಅದೇ ಸ್ಕ್ರಿಪ್ಟನ್ನು ಕೈಯಾರೆ ಓಡಿಸಿದೆ. ಬನಶಂಕರಿ: 12, 7. ಬೇಕರಿ: 6, 5. ಇನ್ನೊಮ್ಮೆ ಓಡಿಸಿದೆ. ಮತ್ತೆ ಏಳು, ಮತ್ತೆ ಐದು. ರಾತ್ರಿಯ ಪಟ್ಟಿ ತೆಗೆದು ನೋಡಿದೆ. ಇಪ್ಪತ್ತೊಂದು, ಹದಿನೈದು. ಅದೇ ಯಂತ್ರ, ಅದೇ ಫೈಲು, ಅದೇ ಹತ್ತು ಸಾಲು. ನಾನು ಎದುರಿಗಿದ್ದರೆ ಒಂದು ಲೆಕ್ಕ, ನಾನು ಮಲಗಿದ್ದರೆ ಇನ್ನೊಂದು ಲೆಕ್ಕ.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಸಿಕ್ಕ ಮೇಲೆ, ಹತ್ತು ವರ್ಷದಿಂದ ಲಿನಕ್ಸ್ ಬಳಸುತ್ತಿದ್ದರೂ ನನಗೆ ಗೊತ್ತಿಲ್ಲದ ಮನೆಯೊಂದರಲ್ಲಿ ಇಷ್ಟು ದಿನ ಇದ್ದೆ ಅನ್ನಿಸಿತು.

ನಾವು ಟರ್ಮಿನಲ್ ತೆರೆದು ಆಜ್ಞೆ ಬರೆಯುತ್ತೇವಲ್ಲ, ಅದನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಚಿಪ್ಪು ಎಂದೇ ಅರ್ಥ. ಒಳಗಿನ ತಿರುಳಿಗೂ ಹೊರಗಿನ ನಮಗೂ ನಡುವೆ ಇರುವ ಹೊದಿಕೆ. ಮಲ್ಟಿಕ್ಸ್ ಎಂಬ ವ್ಯವಸ್ಥೆ ಕಟ್ಟುತ್ತಿದ್ದ 1960ರ ದಶಕದ ನಡುವಿನಲ್ಲಿ ಫ್ರಾನ್ಸಿನ ಲೂಯಿ ಪೂಜಾಂ ಕೊಟ್ಟ ಹೆಸರು ಅದು. ಯೂನಿಕ್ಸಿನ ಮೊದಲ ಶೆಲ್ ಬರೆದವರು ಕೆನ್ ಥಾಂಪ್ಸನ್, 1971ರಲ್ಲಿ. 1979ರಲ್ಲಿ ಸ್ಟೀಫನ್ ಬೋರ್ನ್ ಬರೆದ ಶೆಲ್ ಬಂತು. ಅದಕ್ಕೆ ಇಟ್ಟ ಎರಡಕ್ಷರದ ಹೆಸರು ಎಸ್‌ಎಚ್. ನನ್ನ ಟರ್ಮಿನಲ್ಲಿನಲ್ಲಿ ಇರುವುದು ಬ್ಯಾಶ್. ಗ್ನೂ ಯೋಜನೆಗಾಗಿ ಬ್ರಯಾನ್ ಫಾಕ್ಸ್ 1989ರಲ್ಲಿ ಬರೆದದ್ದು. ಬೋರ್ನ್ ಶೆಲ್ಲಿಗೆ ಪುನರ್ಜನ್ಮ ಎನ್ನುವ ಶ್ಲೇಷೆ ಅದರ ಹೆಸರಿನಲ್ಲೇ ಇದೆ.

ನಾನು ತಿಳಿದುಕೊಂಡದ್ದು ಇಷ್ಟು: ನನ್ನ ಶೆಲ್ ಬ್ಯಾಶ್, ಆದ್ದರಿಂದ ಯಂತ್ರದ ಶೆಲ್ಲೂ ಬ್ಯಾಶ್. ತಪ್ಪು. ಬಳಕೆದಾರ ಕೂತು ಮಾತಾಡುವ ಶೆಲ್ ಒಂದು. ವ್ಯವಸ್ಥೆ ತನ್ನ ಕೆಲಸಕ್ಕೆ ಕರೆಯುವ ಶೆಲ್ ಇನ್ನೊಂದು. ವ್ಯವಸ್ಥೆ ಯಾವಾಗಲೂ ಕೂಗುವುದು ಎಸ್‌ಎಚ್ ಎಂಬ ಹಳೆಯ ಹೆಸರನ್ನೇ. ಆದರೆ ಎಸ್‌ಎಚ್ ಈಗ ಬರೀ ಒಂದು ಬೋರ್ಡು, ಒಳಗೆ ಅಂಗಡಿ ನಡೆಸುವವರು ಬೇರೆ ಬೇರೆ. ಫೆಡೋರಾದಲ್ಲಿ ಆ ಬೋರ್ಡಿನ ಹಿಂದೆ ಬ್ಯಾಶ್ ಇರುತ್ತದೆ. ಡೆಬಿಯನ್, ಉಬುಂಟುಗಳಲ್ಲಿ ಡ್ಯಾಶ್ ಇರುತ್ತದೆ.

ಡ್ಯಾಶ್‌ನದೂ ದೊಡ್ಡ ಕಥೆ. ಬ್ಯಾಶ್ ಹುಟ್ಟಿದ 1989ರಲ್ಲೇ ಕೆನೆತ್ ಆಮ್‌ಕ್ವಿಸ್ಟ್ ಎಂಬವರು ಒಂದು ಹಗುರ ಶೆಲ್ ಬರೆದರು. 1997ರಲ್ಲಿ ಹರ್ಬರ್ಟ್ ಷು ಅದನ್ನು ಲಿನಕ್ಸಿಗೆ ತಂದರು. 2002ರಲ್ಲಿ ಅದಕ್ಕೆ ಡೆಬಿಯನ್ ಹೆಸರು ಸೇರಿ ಡ್ಯಾಶ್ ಆಯಿತು. ಅದಕ್ಕೆ ಒಯ್ಯಾರ ಇಲ್ಲ. ಹಿಂದೆ ಬರೆದದ್ದನ್ನು ಬಾಣದ ಕೀಲಿ ಒತ್ತಿ ವಾಪಸು ತರುವುದು, ಅರ್ಧ ಬರೆದ ಹೆಸರನ್ನು ಟ್ಯಾಬ್ ಒತ್ತಿ ಪೂರ್ತಿ ಮಾಡುವುದು, ಇಂಥದ್ದೆಲ್ಲ ಮನುಷ್ಯರಿಗೆ ಬೇಕು, ಯಂತ್ರಕ್ಕೆ ಬೇಡ. ಬದಲಿಗೆ ಅದು ವೇಗ. ಯಂತ್ರ ಚಾಲೂ ಆಗುವಾಗ ಸಣ್ಣ ಸಣ್ಣ ಸ್ಕ್ರಿಪ್ಟುಗಳು ಸಾಲುಗಟ್ಟಿ ಓಡುತ್ತಿದ್ದ ಕಾಲದಲ್ಲಿ ಈ ವೇಗ ಮುಖ್ಯವಾಗಿತ್ತು. ಹಾಗಾಗಿ ಉಬುಂಟು 2006ರ ಅಕ್ಟೋಬರಿನ ಆವೃತ್ತಿಯಲ್ಲಿ, ಡೆಬಿಯನ್ 2011ರಲ್ಲಿ, ಎಸ್‌ಎಚ್ ಬೋರ್ಡಿನ ಹಿಂದೆ ಬ್ಯಾಶ್ ಬದಲು ಡ್ಯಾಶ್ ಕೂರಿಸಿದವು. ನಮ್ಮ ಟರ್ಮಿನಲ್ಲಿನಲ್ಲಿ ಮಾತ್ರ ಬ್ಯಾಶ್ ಹಾಗೇ ಉಳಿಯಿತು. ಯಾರಿಗೂ ವ್ಯತ್ಯಾಸ ಕಾಣಲಿಲ್ಲ. ಕಾಣಬಾರದು ಎಂಬುದೇ ಉದ್ದೇಶ.

ಈಗ ನನ್ನ ತಪ್ಪು. ಸ್ಕ್ರಿಪ್ಟಿನ ಮೊದಲ ಸಾಲಿನಲ್ಲಿ ಹ್ಯಾಷ್ ಮತ್ತು ಆಶ್ಚರ್ಯಸೂಚಕ ಚಿಹ್ನೆ ಹಾಕಿ 'ಇದನ್ನು ಓದಬೇಕಾದವರು ಇಂಥವರು' ಎಂದು ಬರೆಯುವ ಪದ್ಧತಿ ಇದೆ. ನಾನು ಬರೆದಿರಲಿಲ್ಲ. ಬರೆಯದಿದ್ದರೆ, ಯಾವ ಶೆಲ್ಲಿನಿಂದ ಕರೆಯುತ್ತೇವೋ ಆ ಶೆಲ್ಲೇ ಓದಿಕೊಂಡು ಹೋಗುತ್ತದೆ. ನಾನು ಕರೆದಾಗ ಬ್ಯಾಶ್ ಓದಿತು. ಕ್ರಾನ್ ಎಸ್‌ಎಚ್ ಮೂಲಕ ಕರೆದಾಗ ಡ್ಯಾಶ್ ಓದಿತು. ಡ್ಯಾಶ್‌ಗೆ ಗೊತ್ತಿಲ್ಲದ ಜೋಡಿ ಚೌಕ ಕಂಸವನ್ನೋ ಇನ್ನೇನನ್ನೋ ಬಳಸಿದ್ದರೆ ಡ್ಯಾಶ್ ಮೊದಲ ರಾತ್ರಿಯೇ ತಕರಾರು ಮಾಡುತ್ತಿತ್ತು. ನನ್ನ ಹತ್ತು ಸಾಲು ಸರಳವಾಗಿದ್ದವು, ಇಬ್ಬರಿಗೂ ಅರ್ಥವಾಗುವಂಥವು. ಪದದ ಉದ್ದ ಕೇಳುವ ಆಜ್ಞೆಯೂ ಇಬ್ಬರಿಗೂ ಒಂದೇ. ಆದರೆ 'ಉದ್ದ' ಅಂದರೆ ಏನು ಎಂಬುದರಲ್ಲಿ ಇಬ್ಬರಿಗೂ ಒಮ್ಮತ ಇರಲಿಲ್ಲ. ಬ್ಯಾಶ್ ಯುನಿಕೋಡಿನ ಚಿಹ್ನೆಗಳನ್ನು ಎಣಿಸಿತು: ಬ, ನ, ಶ, ಸೊನ್ನೆ, ಕ, ರ, ಗುಡಿಸು. ಒಟ್ಟು ಏಳು. ನನ್ನ ಯಂತ್ರದಲ್ಲಿದ್ದ ಡ್ಯಾಶ್ ಬೈಟುಗಳನ್ನು ಎಣಿಸಿತು. ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಇಂಗ್ಲಿಷಿನ ಪ್ರತಿ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಪ್ರತಿ ಚಿಹ್ನೆಗೆ ಮೂರು. ಏಳು ಮೂರಲ ಇಪ್ಪತ್ತೊಂದು.

ಅಂದರೆ ನನ್ನ ಸರಾಸರಿ ಬೋರ್ಡುಗಳ ಬಗ್ಗೆ ಏನನ್ನೂ ಹೇಳಿರಲಿಲ್ಲ. ಕನ್ನಡವನ್ನು ಡಿಸ್ಕಿನಲ್ಲಿ ಇಡಲು ಎಷ್ಟು ಜಾಗ ಬೇಕು ಎಂದು ಹೇಳಿತ್ತು, ಅಷ್ಟೇ. ಆ ಯುಟಿಎಫ್-8 ಅನ್ನು 1992ರ ಸೆಪ್ಟೆಂಬರಿನ ಒಂದು ರಾತ್ರಿ ನ್ಯೂಜೆರ್ಸಿಯ ಹೋಟೆಲೊಂದರಲ್ಲಿ ಊಟದ ಮೇಜಿನ ಹಾಸುಕಾಗದದ ಮೇಲೆ ರೂಪಿಸಿದವರು ರಾಬ್ ಪೈಕ್ ಮತ್ತು ಕೆನ್ ಥಾಂಪ್ಸನ್. ಯೂನಿಕ್ಸಿನ ಮೊದಲ ಶೆಲ್ ಬರೆದ ಅದೇ ಥಾಂಪ್ಸನ್. ಜಗತ್ತಿನ ಎಲ್ಲ ಲಿಪಿಗಳೂ ಹಳೆಯ ಪ್ರೋಗ್ರಾಮುಗಳ ಕಣ್ಣು ತಪ್ಪಿಸಿ ನುಸುಳಿ ಹೋಗಲಿ ಎಂಬುದು ಅದರ ಜಾಣ್ಮೆ. ಕನ್ನಡ ಓದಲು ಬಾರದ ಡ್ಯಾಶ್ ಕೂಡ ನನ್ನ ನಾನೂರು ಬೋರ್ಡುಗಳನ್ನು ಒಂದೂ ಕೆಡಿಸದೆ ಸಾಗಿಸಿತ್ತು. ಎಣಿಸು ಅಂದದ್ದು ನಾನು.

ಮೊದಲ ಸಾಲು ಬರೆದೆ: ಇದನ್ನು ಬ್ಯಾಶ್ ಓದಬೇಕು. ನೆಮ್ಮದಿಯಾಗಿ ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಬನಶಂಕರಿ ಮತ್ತೆ ಇಪ್ಪತ್ತೊಂದು.

ಆಗ ಮಾತ್ರ ನಿಜವಾಗಿಯೂ ಹೆದರಿದೆ. ಈಗ ಇಬ್ಬರೂ ಬ್ಯಾಶ್‌ಗಳೇ. ಹಗಲಿನ ಬ್ಯಾಶ್‌ಗೆ ಕನ್ನಡ ಬರುತ್ತದೆ, ರಾತ್ರಿಯದಕ್ಕೆ ಬರುವುದಿಲ್ಲ ಅಂದರೆ ಏನು?

ಉತ್ತರ ನನ್ನದೇ ಫೈಲಿನಲ್ಲಿತ್ತು. ಬ್ಯಾಶ್ ಟರ್ಮಿನಲ್ಲಿನಲ್ಲಿ ಮಾತಿಗೆ ಕೂರುವ ಮುಂಚೆ ಬ್ಯಾಶ್‌ಆರ್‌ಸಿ ಎಂಬ ಒಂದು ಫೈಲು ಓದಿಕೊಳ್ಳುತ್ತದೆ. ನಮ್ಮ ಇಷ್ಟಾನಿಷ್ಟಗಳನ್ನೆಲ್ಲ ಅದರಲ್ಲಿ ಬರೆದಿಟ್ಟಿರುತ್ತೇವೆ: ಅಡ್ಡಹೆಸರುಗಳು, ಬಣ್ಣಗಳು, ಯಾವ ಪ್ರೋಗ್ರಾಮನ್ನು ಎಲ್ಲಿ ಹುಡುಕಬೇಕು ಎಂಬ ದಾರಿಗಳು. ಭಾಷೆ ಕನ್ನಡ, ದೇಶ ಭಾರತ, ಲಿಪಿಸಂಕೇತ ಯುಟಿಎಫ್-8 ಎಂದು ವರ್ಷಗಳ ಹಿಂದೆ ನಾನೇ ಅಲ್ಲಿ ಬರೆದಿದ್ದೆ, ಬರೆದು ಮರೆತಿದ್ದೆ. ಸ್ಕ್ರಿಪ್ಟ್ ಓಡಿಸಲು ಕರೆದಾಗ ಬ್ಯಾಶ್ ಆ ಫೈಲನ್ನು ಓದುವುದೇ ಇಲ್ಲ. ಓದಬಾರದು ಕೂಡ, ಒಬ್ಬೊಬ್ಬರ ಅಭ್ಯಾಸಕ್ಕೆ ತಕ್ಕಂತೆ ಸ್ಕ್ರಿಪ್ಟಿನ ಅರ್ಥ ಬದಲಾಗಬಾರದಲ್ಲ. ಇನ್ನು ಇಡೀ ಯಂತ್ರಕ್ಕೆ ಯಾವ ಭಾಷೆ? ಡೆಬಿಯನ್ ಹಾಕುವಾಗ ಆ ಪ್ರಶ್ನೆ ಬಂದಿತ್ತು. ಯಾವ ಭಾಷೆಯೂ ಬೇಡ ಎನ್ನುವ ಆಯ್ಕೆಯೂ ಅಲ್ಲಿರುತ್ತದೆ. ಪರದೆಯೇ ಇಲ್ಲದ ಯಂತ್ರಕ್ಕೆ ಭಾಷೆ ಯಾಕೆ ಎಂದು ನಾನು ಅದನ್ನೇ ಒತ್ತಿದ್ದೆ.

ಸ್ಕ್ರಿಪ್ಟಿನ ಎರಡನೇ ಸಾಲಿನಲ್ಲಿ ಭಾಷೆಯನ್ನು ಬರೆದೆ. ಅವತ್ತಿನ ರಾತ್ರಿ ಏಳು ಬಂತು.

ಗೆಳೆಯನೊಬ್ಬನಿಗೆ ಇದನ್ನೆಲ್ಲ ಹೇಳಿದಾಗ ಅವನು, "ಬ್ಯಾಶ್ ಬಿಡು, ಫಿಶ್ ಹಾಕ್ಕೊ, ನಾನು ಅದನ್ನೇ ಬಳಸೋದು" ಅಂದ. ಫಿಶ್ ಚೆಂದದ ಶೆಲ್. 2005ರಲ್ಲಿ ಬಂದದ್ದು, ಬರೆಯುತ್ತಿದ್ದಂತೆಯೇ ಮುಂದಿನದನ್ನು ಊಹಿಸಿ ತೋರಿಸುತ್ತದೆ. ಮ್ಯಾಕ್‌ನವರು 2019ರಿಂದ ಝೀಶೆಲ್ ಬಳಸುತ್ತಾರೆ, ಅದೂ ಚೆಂದ. ಆದರೆ ನಾನು ಟರ್ಮಿನಲ್ಲಿನಲ್ಲಿ ಯಾವ ಶೆಲ್ ಹಾಕಿಕೊಂಡರೂ ರಾತ್ರಿ ಎರಡು ಗಂಟೆಯ ಕೆಲಸಕ್ಕೆ ಅದರ ಸುಳಿವೂ ಇರುವುದಿಲ್ಲ. ಬಳಕೆದಾರರ ಶೆಲ್ ಬದಲಿಸುವ ಆಜ್ಞೆ ನನ್ನ ಹೆಸರಿನ ಮುಂದಿರುವ ಒಂದು ನಮೂದನ್ನು ಬದಲಿಸುತ್ತದೆ, ಅಷ್ಟೇ. ಹಾಗಂತ ಸಿಟ್ಟಿನಲ್ಲಿ ಎಸ್‌ಎಚ್ ಬೋರ್ಡಿನ ಹಿಂದೆ ನಮಗಿಷ್ಟವಾದವರನ್ನು ಕೂರಿಸಲೂಬಾರದು. ವ್ಯವಸ್ಥೆಯ ಸ್ಕ್ರಿಪ್ಟುಗಳು ಹಳೆಯ, ಸರಳ ಭಾಷೆಯನ್ನು ನಂಬಿ ಬರೆದವು. ಫಿಶ್‌ನ ವ್ಯಾಕರಣವೇ ಬೇರೆ. ನಮಗೆ ಇಷ್ಟವಾದದ್ದನ್ನು ನಾವು ಇಟ್ಟುಕೊಳ್ಳೋಣ. ನಾವಿಲ್ಲದಾಗ ನಡೆಯಬೇಕಾದ ಕೆಲಸಕ್ಕೆ ಮಾತ್ರ ಎಲ್ಲವನ್ನೂ ಬಿಡಿಸಿ ಬರೆದಿಡೋಣ.

ಲೆಕ್ಕ ಸರಿಯಾಯಿತು. ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಉಳಿದಿತ್ತು.

ನನ್ನ ಮಾರ್ಗದರ್ಶಕರ ಮುಂದೆ ಕೂತು ಎರಡೂ ಪಟ್ಟಿ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದನ್ನ ನೀವೇ ಕಂಡುಹಿಡಿದಿದ್ದು ಒಳ್ಳೇದಾಯ್ತು" ಅಂದರು. ನಾನು ಕಂಡುಹಿಡಿದಿರಲಿಲ್ಲ. ಬೋರ್ಡು ಬರೆಯುವವರು ಬೆರಳೆಣಿಸಿ ಕಂಡುಹಿಡಿದಿದ್ದರು. ಅದನ್ನೂ ಹೇಳಿದೆ. ಸಂಕಿರಣಕ್ಕೆ ಪತ್ರ ಬರೆದು ಸಾರಾಂಶ ವಾಪಸು ಪಡೆದೆ. ಕಾರಣ ಬರೆಯುವಾಗ 'ತಾಂತ್ರಿಕ ತೊಂದರೆ' ಎಂದು ಬರೆದು ಅಳಿಸಿದೆ. ತಂತ್ರ ಎಲ್ಲೂ ಕೆಟ್ಟಿರಲಿಲ್ಲ. 'ನಾನು ಅಕ್ಷರಗಳ ಬದಲು ಬೈಟುಗಳನ್ನು ಎಣಿಸಿದ್ದೆ' ಎಂದು ಬರೆದೆ.

ಚಿಕ್ಕಪ್ಪನಿಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವರು ಬೀದಿಯೆಲ್ಲ ಹೇಳಿಕೊಂಡಿದ್ದರಲ್ಲ! ಕನ್ನಡ ಜಾಗ ತಿನ್ನುತ್ತದೆ ಎನ್ನುವುದು ಒಬ್ಬರ ಗೊಣಗಾಟವಾಗಿದ್ದರೆ ಗಾಳಿಗೆ ಹೋಗುತ್ತಿತ್ತು. ನನ್ನಿಂದಾಗಿ ಅದಕ್ಕೊಂದು ಅಂಕಿಯ ಬಲ ಬಂದಿತ್ತು. ನಾಳೆ ಯಾರಾದರೂ, ನೋಡಿ ಸಂಶೋಧನೆಯೇ ಹೀಗೆ ಹೇಳುತ್ತದೆ, ಕನ್ನಡ ಬೋರ್ಡಿಗೆ ಒಗ್ಗುವುದಿಲ್ಲ ಎಂದು ವಾದ ಮಾಡಿದರೆ ಅದರಲ್ಲಿ ನನ್ನ ಪಾಲೂ ಇರುತ್ತಿತ್ತು. ಟೀ ಕುಡಿಯುತ್ತ ಎಲ್ಲ ಬಿಡಿಸಿ ಹೇಳಿದೆ. ಬೈಟು, ಚಿಹ್ನೆ ಎಲ್ಲ ಅವರಿಗೆ ಬೇಕಿರಲಿಲ್ಲ. "ಅಂದ್ರೆ ಜಾಸ್ತಿ ಜಾಗ ಬೇಡ್ವಾ?" ಎಂದಷ್ಟೇ ಕೇಳಿದರು.

ಬೋರ್ಡು ಬರೆಯುವವರು ಅಲ್ಲೇ ಇದ್ದರು. ಅವರು ಒಂದು ರಟ್ಟಿನ ತುಂಡಿನ ಮೇಲೆ 'ಕತ್ರಿಗುಪ್ಪೆ' ಎಂದು ಬರೆದು ತೋರಿಸಿದರು. "ನೋಡಿ, ಅಗಲಕ್ಕೆ ನಾಲ್ಕೇ ಅಕ್ಷರ. ಆದ್ರೆ ಕೆಳಗಡೆ ಒತ್ತು ಇಳಿಯತ್ತೆ, ಮೇಲ್ಗಡೆ ಗುಡಿಸು, ಎತ್ವ ಏರತ್ತೆ. ಇಂಗ್ಲಿಷ್‌ಗೆ ಅಗಲ ಬೇಕು, ಕನ್ನಡಕ್ಕೆ ಎತ್ತರ ಬೇಕು. ಇಂಗ್ಲಿಷ್‌ಗೆ ಮಾಡಿದ ಪಟ್ಟಿಯೊಳಗೆ ಕನ್ನಡ ತುರುಕಿದ್ರೆ ಅಕ್ಷರ ಸಣ್ಣ ಮಾಡ್ಲೇಬೇಕು. ಅದಕ್ಕೇ ಜನ ಜಾಗ ಸಾಲಲ್ಲ ಅನ್ನೋದು."

ಕತ್ರಿಗುಪ್ಪೆಗೆ ಡ್ಯಾಶ್ ಮೂವತ್ತಮೂರು ಅನ್ನುತ್ತದೆ. ಬ್ಯಾಶ್ ಹನ್ನೊಂದು ಅನ್ನುತ್ತದೆ. ಇಂಗ್ಲಿಷಿನಲ್ಲೂ ಸರಿಯಾಗಿ ಹನ್ನೊಂದೇ. ಅವರ ಲೆಕ್ಕ ನಾಲ್ಕು. ಬ್ಯಾಶ್ ಕೊಟ್ಟ ಸಂಖ್ಯೆಯೂ ಬೋರ್ಡಿನ ಸಂಖ್ಯೆ ಅಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಗುಣಿತ, ಒತ್ತುಗಳನ್ನು ಅವುಗಳ ಅಕ್ಷರದ ಜೊತೆ ಸೇರಿಸಿ ಎಣಿಸುವ ಇನ್ನೊಂದು ಪ್ರೋಗ್ರಾಮು ಬರೆಯಬೇಕಾಯಿತು. ಜೊತೆಗೆ ನಾನೂರು ಬೋರ್ಡುಗಳಿಗೂ ಮತ್ತೆ ನಡೆಯಬೇಕಾಗಿದೆ, ಈ ಸಲ ಪಟ್ಟಿಯ ಎತ್ತರ ನೋಡಲು. ಅಧ್ಯಾಯ ಒಂದು ವರ್ಷ ಹಿಂದೆ ಬಿತ್ತು. ಆದರೆ ಈಗ ಅದರಲ್ಲಿ ಕೇಳಬೇಕಾದ ಪ್ರಶ್ನೆಯೊಂದು ಇದೆ.

ಬೇಕರಿಯ ಹೊಸ ಬೋರ್ಡಿನ ಪಟ್ಟಿ ಹಳೆಯದಕ್ಕಿಂತ ಎತ್ತರವಾಗಿದೆ. ಎಂಟಕ್ಷರ ಆರಾಮಾಗಿ ಕೂತಿವೆ, ಕೆಳಗೆ ಇಂಗ್ಲಿಷೂ ಕೂತಿದೆ. ಮೆಡಿಕಲ್ ಸ್ಟೋರಿನವರು ಬಂದು ಅಳತೆ ಕೇಳಿಕೊಂಡು ಹೋದರು.

ನನ್ನ ರಾತ್ರಿಯ ಸ್ಕ್ರಿಪ್ಟಿಗೆ ಇನ್ನೊಂದು ಸಾಲು ಸೇರಿಸಿದ್ದೇನೆ. ಶುರು ಮಾಡುವ ಮುಂಚೆ ಅದು 'ಬನಶಂಕರಿ' ಎಂಬ ಒಂದು ಪದವನ್ನು ಎಣಿಸಬೇಕು. ಐದು ಬರದಿದ್ದರೆ ಮುಂದೆ ಹೋಗದೆ ಅಲ್ಲೇ ನಿಂತು, ನನಗೆ ಒಂದು ಸಾಲು ಬರೆದಿಡಬೇಕು. ಬೆಳಿಗ್ಗೆ ಎದ್ದ ಕೂಡಲೇ ನಾನು ಮೊದಲು ನೋಡುವುದು ಅದನ್ನೇ, ಸರಾಸರಿಯನ್ನಲ್ಲ. ಇವತ್ತೂ ನೋಡಿದೆ. ಐದು ಅಂದಿತ್ತು. ಕೆಳಗೆ ಬನ್ ಬೇಯುತ್ತಿತ್ತು.